ಗಿರಾಕಿ ಎಲ್ಲಿ ಹೋದ?

ಇಳಕಲ್ಲು-ಗುಳೇದಗುಡ್ಡಗಳ ಪೇಟೆಯಲ್ಲಿ ಯಾವ ಅರಿವೆಯಂಗಡಿಯ ಕಟ್ಟೆಯನ್ನೇರಿದರೂ ಇಂದು ಕಿವಿಗೆ ಬೀಳುವದು ಒಂದೇ ರಾಗ: "ವ್ಯಾಪಾರವಿಲ್ಲ, ಗಿರಾಕಿ ಬರುವದಿಲ್ಲ." ಅಜ್ಜ ಹಾಸಿದ ಗಾದಿ, ಅಪ್ಪ ಬರೆದ ಕಿರ್ದಿ, ಹಿಂದಿನ ಪಡಸಾಲೆಯಲ್ಲಿ ಎರಡು ಕುಣಿಮಗ್ಗ, ಮುಂದೆ ಕೈಯಗಲದ ಅಂಗಡಿ. ಇಂಥ ಮನೆತನಗಳಲ್ಲಿ ಮಗನು ಗಾದಿಯನ್ನೇರಲೊಲ್ಲದೆ ಬೆಂಗಳೂರಿನ ಹಾದಿ ಹಿಡಿಯುವದೂ, ಬಿಚ್ಚಿಟ್ಟ ಮಗ್ಗವು ಕಟ್ಟಿಗೆಯಾಗಿ ಒಲೆಯ ಪಾಲಾಗುವದೂ ಈಗ ಯಾರಿಗೂ ಹೊಸ ಸುದ್ದಿಯಲ್ಲ. ಕಾರಣವೇನೆಂದು ಕೇಳಿದರೆ ಒಂದರ ಹಿಂದೊಂದು ಉತ್ತರ ಸಿದ್ಧವಾಗಿರುತ್ತದೆ: 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಮಹಾಮಾರಿ, ಮೊಬೈಲಿನಲ್ಲಿ ಸೀರೆ ಮಾರುವವರು, ಸೀರೆಯನ್ನೇ ಉಡದ ಹುಡುಗಿಯರು, ಕಣ್ಣು ಮುಚ್ಚಿ ಕುಳಿತ ಸರಕಾರ. ಈ ಪಟ್ಟಿಯಲ್ಲಿ ಒಬ್ಬನ ಹೆಸರು ಮಾತ್ರ ಎಂದಿಗೂ ಬರುವದಿಲ್ಲ. ಆತನು ಅಂಗಡಿಕಾರನು.

ಕಷ್ಟಗಳು ಸುಳ್ಳೆಂದು ನಾವು ಹೇಳುವದಿಲ್ಲ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ 31.45 ಲಕ್ಷ ಕೈಮಗ್ಗದ ಮನೆತನಗಳನ್ನು ಎಣಿಸಿತು. ನೇಕಾರರ ಮನೆಗಳಲ್ಲಿ ನೂರಕ್ಕೆ 66ಕ್ಕೂ ಮಿಕ್ಕವುಗಳ ತಿಂಗಳ ಗಳಿಕೆ 5,000 ರೂಪಾಯಿಗಿಂತ ಕಡಿಮೆಯೆಂದು ಕಂಡಿತು. ಈ ಅಂಕಿಯನ್ನೋದಿ ಯಾರ ಎದೆ ಕರಗದು? ಆದರೆ ಕರಗಿದ ಎದೆಯು ಅಂಗಡಿಗೆ ಒಂದು ಸಲ ಬರುತ್ತದೆ. ಎರಡನೆಯ ಸಲ ಬರಬೇಕಾದರೆ ಅರಿವೆಯೇ ಕರೆಯಬೇಕು. ಕನಿಕರದ ಗಿರಾಕಿಯನ್ನು ನಂಬಿ ಯಾವ ಮನೆತನವೂ ಮೂರು ತಲೆಮಾರು ವ್ಯಾಪಾರ ಮಾಡಿದ ಉದಾಹರಣೆಯಿಲ್ಲ.

ಮೊದಲು ಒಂದು ಭ್ರಮೆಯನ್ನು ಒಡೆಯಬೇಕಾಗಿದೆ. ಗಿರಾಕಿ ಸತ್ತಿಲ್ಲ. ಕೃಷ್ಣೆಯಾಚೆಯ ಮರಾಠಿಗರು ನಮ್ಮ ಇಳಕಲ್ಲ ಸೀರೆಯನ್ನು 'ಇರಕಲ' ಎಂದು ಕರೆದು ಹಿಂದಿನಿಂದಲೂ ಪ್ರೀತಿಯಿಂದ ಉಡುತ್ತ ಬಂದಿದ್ದಾರೆ. ಇತ್ತೀಚಿನ ವರುಷಗಳಲ್ಲಿಯಂತೂ ಪುಣೆ-ಮುಂಬಯಿಗಳ ಸುಶಿಕ್ಷಿತ ತರುಣಿಯರು ಖಣದ ಅರಿವೆಯಿಂದ ಸೀರೆ ಮಾಡಿಸಿಕೊಂಡರು, ಕೈಚೀಲ ಹೊಲಿಸಿಕೊಂಡರು, ಬಾಗಿಲಿಗೆ ತೋರಣ ಕಟ್ಟಿದರು. ಇವುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿ ಹಣ ಗಳಿಸಿದವರು ಬೇರೆ, ಗುಳೇದಗುಡ್ಡದಲ್ಲಿ ಕುಳಿತು "ಖಣ ಯಾರಿಗೆ ಬೇಕು ಸ್ವಾಮಿ?" ಎಂದು ನಿಟ್ಟುಸಿರಿಟ್ಟವರು ಬೇರೆ. ಬೇಡಿಕೆಯು ಮನೆಯ ಮುಂದಿನಿಂದ ಹಾದುಹೋಗುವಾಗ ನಮ್ಮವರು ಒಳಗೆ ಕುಳಿತು ಬೇಡಿಕೆಯಿಲ್ಲವೆಂದು ಮರುಗುತ್ತಿದ್ದರು!

ಹಾಗಾದರೆ ಗಿರಾಕಿಯು ಮನೆತನದ ಅಂಗಡಿಯನ್ನು ಬಿಟ್ಟದ್ದೇಕೆ? ಕಟುವಾದರೂ ಹೇಳದೆ ಗತ್ಯಂತರವಿಲ್ಲ: ನಂಬಿಕೆ ಹೋದದರಿಂದ ಬಿಟ್ಟನು.

ಇಳಕಲ್ಲ ಸೀರೆಯೆಂದರೇನೆಂಬದನ್ನು ನಮ್ಮ ಪೇಟೆಯ ವಾಚಕರಲ್ಲಿಯೂ ಅನೇಕರು ಅರಿಯರು. ಆ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿಯ ನೂಲಿದ್ದರೂ ಸೆರಗಿಗೆ ರೇಶಿಮೆ. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕೊಂಡಿಹಾಕಿ ಕೂಡಿಸಿದ ಬಳಿಕವೇ ಲಾಳಿ ಓಡಬೇಕು. ಒಂದು ಸೀರೆ ಮುಗಿದರೆ ಮುಂದಿನದಕ್ಕೆ ಮತ್ತೆ ಅದೇ ಕೊಂಡಿಯ ಕೆಲಸ. ಟೋಪ ತೆನಿಯ ಕೆಂಪು-ಬಿಳಿ ಸೆರಗು, ಗೋಮಿ, ಗಾಡಿ, ಚಿಕ್ಕಿ ಪರಾಸದ ದಡಿಗಳು, ಇವೆಲ್ಲ ಬಳಿಕದ ಚೆಲುವು; ಮೂಲದ ಗುಟ್ಟು ಆ ಕೊಂಡಿ. ಯಂತ್ರಮಗ್ಗದಲ್ಲಿ ಬೇಗನೆ ನೇಯ್ದ ನಕಲು ಸೀರೆಯು ಸೆರಗಿನ ಬಣ್ಣವನ್ನು ಅನುಕರಿಸಬಹುದು, ದಡಿಯನ್ನೂ ಅನುಕರಿಸಬಹುದು. ಆದರೆ ಸೆರಗು ಮೈಯನ್ನು ಕೂಡುವಲ್ಲಿ ಬೆರಳಾಡಿಸಿ ನೋಡಿರಿ. ಅಲ್ಲಿ ಕೊಂಡಿಗಳ ಸಾಲು ಕೈಗೆ ಹತ್ತುವದಿಲ್ಲ. ಅಂಚಿನಲ್ಲಿ, ನೇಯುವಾಗ ಅರಿವೆಯನ್ನು ಬಿಗಿಹಿಡಿಯುವ ಕೋಲಿನ ಮೊನೆಗಳಿಂದಾದ ಸಣ್ಣ ತೂತುಗಳನ್ನೂ ಹುಡುಕಿರಿ; ಕೈಮಗ್ಗದ ಅರಿವೆಯಲ್ಲಿ ಅವು ಸಾಮಾನ್ಯವಾಗಿ ಕಾಣುತ್ತವೆ.

ಇಷ್ಟನ್ನು ಅಂಗಡಿಕಾರನು ಬಲ್ಲನು. ಬಲ್ಲವನಾಗಿಯೇ ಎರಡನ್ನೂ ಒಂದೇ ಕಪಾಟಿನಲ್ಲಿ, ಒಂದೇ ಹೆಸರಿನಿಂದ, ಒಂದೇ ನಗೆಯಿಂದ ಮಾರುವ ಅಂಗಡಿಗಳು ಎಷ್ಟಿಲ್ಲ? ಹಿಂದಿನ ಪಡಸಾಲೆಯಲ್ಲಿ ಸ್ವಂತ ಅತ್ತಿಗೆಯು ಕೊಂಡಿಹಾಕುತ್ತ ಕಣ್ಣು ಸವೆಸುತ್ತಿರುವಾಗ, ಮುಂದಿನ ಗಾದಿಯ ಮೇಲೆ ಮೈದುನನು ಹೊರಊರಿನ ಯಂತ್ರದ ಸೀರೆಯನ್ನು "ನಮ್ಮ ಮನೆಯ ಮಗ್ಗದ್ದೇ" ಎಂದು ಆಣೆಯಿಟ್ಟು ಕಟ್ಟಿಕೊಡುವದನ್ನು ಏನೆಂದು ಕರೆಯಬೇಕು? ಆ ಒಂದು ಸೀರೆಯಲ್ಲಿ ಆತನಿಗೆ ನಾಲ್ಕು ಕಾಸು ಹೆಚ್ಚು ದೊರೆಯಬಹುದು. ಆದರೆ ಎರಡು ಸಲ ಒಗೆದ ಮೇಲೆ ಕೊಂಡವಳಿಗೆ ಮೋಸ ತಿಳಿಯುತ್ತದೆ. ಆಕೆ ತನ್ನ ಓಣಿಯ ಹತ್ತು ಮನೆಗಳಿಗೆ ಹೇಳುತ್ತಾಳೆ. ಮುಂದೆ ನಿಜವಾದ ಸೀರೆಯನ್ನು ಮುಂದಿಟ್ಟರೂ ಆಕೆಗೆ ಅದರ ಬೆಲೆ ದುಬಾರಿಯೆಂದೇ ತೋರುವದು. ಅತ್ತಿಗೆಯ ಕೂಲಿಯನ್ನು ಕೊಯ್ದವನು ಸೂರತಿನ ಸಾಹುಕಾರನಲ್ಲ, ಮನೆಯ ಮೈದುನನು.

ಯಂತ್ರಮಗ್ಗವು ಪಾಪವೆಂದು ನಮ್ಮ ವಾದವಲ್ಲ. ರಬಕವಿ-ಬನಹಟ್ಟಿಗಳಲ್ಲಿ ಎಷ್ಟೋ ಕುಟುಂಬಗಳು ಅದರಿಂದ ಅನ್ನ ಕಾಣುತ್ತಿವೆ. ಬಡವರ ಮನೆಯ ಹೆಣ್ಣುಮಗಳು ಉಡುವ ಸೋವಿಯ ಸೀರೆಗೆ ಅದರದೇ ಮರ್ಯಾದೆಯುಂಟು. ಯಂತ್ರದ್ದನ್ನು ಯಂತ್ರದ್ದೆಂದು ಹೇಳಿ ಮಾರಿದರೆ ಯಾರಿಗೂ ಕೇಡಿಲ್ಲ.

ಇದಕ್ಕೆ ಅಂಗಡಿಕಾರರ ಉತ್ತರವು ನಮಗೆ ಗೊತ್ತಿದೆ. "ನಿಜ ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ." ಹೋಗಲಿ! ಅಗ್ಗದ ಬೆನ್ನು ಹತ್ತಿದವನು ಎಂದೂ ನಿಮ್ಮವನಾಗಿರಲಿಲ್ಲ. ಅಗ್ಗದ ಪಂದ್ಯದಲ್ಲಿ ಎರಡು ಮಗ್ಗದ ಮನೆಯು ಗೆಲ್ಲುವದು ಎಂದಾದರೂ ಸಾಧ್ಯವೇ? ಮೂರಂತಸ್ತಿನ ಅರಿವೆಯ ಮಳಿಗೆಯು ನಿಮಗಿಂತ ಅಗ್ಗವಾಗಿ ಕೊಡಬಲ್ಲದು, ತಂಪು ಗಾಳಿ ಬೀಸಬಲ್ಲದು, ಸಿನೆಮಾ ತಾರೆಯ ಚಿತ್ರ ತೂಗಹಾಕಬಲ್ಲದು. ಅದಕ್ಕೆ ಆಗದ ಕೆಲಸ ಒಂದೇ: ಈ ಸೀರೆಯನ್ನು ಯಾರು ನೇಯ್ದರು, ಎಷ್ಟು ದಿನ ನೇಯ್ದರು, ಯಾವ ನೂಲು ಹಾಕಿದರು ಎಂಬದನ್ನು ಕಣ್ಣಲ್ಲಿ ಕಣ್ಣಿಟ್ಟು ಹೇಳುವದು. ದೇವರು ನಿಮಗೆ ಕೊಟ್ಟ ಒಂದೇ ಆಯುಧ ಅದು. ಅದನ್ನೇ ಮಾರಿಕೊಂಡು ಬರಿಗೈಯಲ್ಲಿ ನಿಂತವರಿಗೆ ಸರಕಾರವೇನು ಮಾಡೀತು?

ಸರಕಾರವು ಏನೂ ಮಾಡಿಲ್ಲವೆಂಬದೂ ಪೂರ್ಣ ಸತ್ಯವಲ್ಲ. ಕೆಲವು ಬಗೆಯ ಅರಿವೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯದೆಯು 1985ರಲ್ಲಿಯೇ ಆಯಿತು. ಕೈಮಗ್ಗದ ಮುದ್ರೆಯು 2006ರಲ್ಲಿ ಬಂದಿತು. 1999ರ ಕಾಯದೆಯ ಮೇರೆಗೆ ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. 1905ರ ಸ್ವದೇಶೀ ಚಳವಳಿಯ ನೆನಪಿಗೆ ಅಗಸ್ಟ 7ನ್ನು ಕೈಮಗ್ಗದ ದಿನವೆಂದು 2015ರಿಂದ ಆಚರಿಸುತ್ತಲೂ ಇದ್ದಾರೆ. ಕಾಯದೆಯ ಜಾರಿಯು ಸಡಿಲವಾಗಿದೆಯೆಂಬ ದೂರು ನ್ಯಾಯವಾದದ್ದೇ. ನಾವೂ ಅದಕ್ಕೆ ದನಿಗೂಡಿಸುತ್ತೇವೆ. ಆದರೆ ಮುದ್ರೆಯ ಚೀಟಿಯನ್ನು ತಂದು ಸೀರೆಗೆ ಹಚ್ಚದೆ, ಹಬ್ಬದ ರಿಬೇಟಿನ ಹಾದಿ ಕಾಯುವದೇ ವ್ಯಾಪಾರವೆಂದು ತಿಳಿದವನಿಗೆ ದೂರು ಕೊಡುವ ಅಧಿಕಾರವೆಲ್ಲಿಯದು? ರಿಬೇಟಿನಿಂದ ಮತ್ತೊಂದು ಕೇಡಾಗಿದೆ. ರಿಬೇಟಿಲ್ಲದ ದಿನ ಕೊಳ್ಳುವವನು ಮೂರ್ಖನೆಂಬ ಪಾಠವನ್ನು ಗಿರಾಕಿಯು ಕಲಿತಿದ್ದಾನೆ. ಉಳಿದ ದಿನಗಳಲ್ಲಿ ಅಂಗಡಿಯು ಬಿಕೋ ಎನ್ನದೆ ಇನ್ನೇನು?

ಗಾಂಧೀಜಿಯವರು ಈ ವಿಷಯದಲ್ಲಿ ಮೋಸಹೋಗಲಿಲ್ಲ. 1925ರಲ್ಲಿ ಪಾಟ್ನಾದಲ್ಲಿ ಅಖಿಲ ಭಾರತ ಚರಕಾ ಸಂಘವನ್ನು ಕಟ್ಟಿದ ಬಳಿಕ, ಖಾದಿ ಮಾರುವ ಅಂಗಡಿಗಳಿಗೆ ಸಂಘದ ಪ್ರಮಾಣಪತ್ರವಿರಬೇಕೆಂಬ ಕಟ್ಟು ಬೆಳೆಯಿತು. ದೇಶಭಕ್ತಿಯು ಉಕ್ಕಿ ಹರಿಯುತ್ತಿದ್ದ ಆ ಕಾಲದಲ್ಲಿಯೂ ಬರಿಯ ದೇಶಭಕ್ತಿಯನ್ನು ನಂಬಿ ಅರಿವೆ ಮಾರಲು ಅವರು ಒಪ್ಪಲಿಲ್ಲ. ಗಿರಣಿಯ ನೂಲನ್ನು ಖಾದಿಯೆಂದು ಮಾರುವವನು ಚಳವಳಿಗೆ ಪರದೇಶದ ಗಿರಣಿಗಿಂತ ಹೆಚ್ಚಿನ ವೈರಿಯೆಂಬದನ್ನು ಆ ಕಟ್ಟು ಬಲ್ಲದಾಗಿತ್ತು.

ಇಂದಿನ ನಮ್ಮವರಾದರೋ ಅಂಗಡಿಯ ಫಲಕದ ಮೇಲೆ ತಾಯಿ ಭುವನೇಶ್ವರಿಯ ಚಿತ್ರ ಬರೆಯಿಸಿ, "ಕನ್ನಡಿಗರೇ, ಕನ್ನಡ ನಾಡಿನ ಸೀರೆ ಕೊಳ್ಳಿರಿ" ಎಂದು ಕೂಗಿದರೆ ಸಾಕೆಂದು ತಿಳಿದಿದ್ದಾರೆ. ಕನ್ನಡದ ಹೆಸರಿಗಾಗಿ ಹೋರಾಡುವ ನಾವು ಹೇಳುತ್ತೇವೆ: ಆ ಹೆಸರನ್ನು ಖೊಟ್ಟಿ ಸರಕಿನ ಮೇಲೆ ಹೊದಿಸಬೇಡಿರಿ. ಅಭಿಮಾನದಿಂದ ಒಳಗೆ ಬಂದು ಮೋಸಹೋಗಿ ಹೊರಬಿದ್ದ ಕನ್ನಡಿಗನಿಗೆ ಅಂಗಡಿಯ ಮೇಲೆ ಅಷ್ಟೇ ಅಲ್ಲ, ಅಭಿಮಾನದ ಮೇಲೆಯೇ ಜಿಗುಪ್ಸೆಯಾಗುತ್ತದೆ.

ಇನ್ನು ಖಣದ ಮಾತು. ಗುಳೇದಗುಡ್ಡದ ಖಣದ ಗತಿಯನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಕುಬಸಕ್ಕೆ ಖಣ, ಉಡಿ ತುಂಬಲು ಖಣ, ಮದುವೆಯಲ್ಲಿ ಬೀಗಿತಿಗೆ ಖಣ. ಇಷ್ಟು ಬೇಡಿಕೆಯುಳ್ಳ ಅರಿವೆ ಬೇರೆ ಯಾವುದಿದೆ? ಆದರೆ ಉಡಿಗೆ ಬಿದ್ದ ಖಣವನ್ನು ಹೊಲಿಸಿ ತೊಟ್ಟವರೆಷ್ಟು? ಅದು ಪೆಟ್ಟಿಗೆಯನ್ನು ಸೇರುತ್ತದೆ, ಮುಂದಿನ ಕಾರ್ಯದಲ್ಲಿ ಮತ್ತೊಬ್ಬಳ ಉಡಿಯನ್ನು ಸೇರುತ್ತದೆ, ಊರೆಲ್ಲ ಸುತ್ತಿ ಕೆಲವೊಮ್ಮೆ ಮೊದಲು ಕೊಟ್ಟವಳ ಮನೆಗೇ ಮಡಿಕೆ ಮುರಿಯದೆ ಮರಳುತ್ತದೆ! ಕಾರಣವು ಸ್ಪಷ್ಟ. "ಕೊಡುವದಕ್ಕೆ ತಾನೇ? ಇದು ಸಾಕು ತೆಗೆದುಕೊಳ್ಳಿರಿ" ಎಂದು ಜಾಳುಜಾಳಾದ ಅರಿವೆಯನ್ನು ಮುಂದೆ ಮಾಡಿದವರು ಅಂಗಡಿಕಾರರೇ. ಕೊಡುವ ಖಣ ಬೇರೆ, ತೊಡುವ ಖಣ ಬೇರೆ ಎಂಬ ಭೇದವನ್ನು ಹುಟ್ಟಿಸಿ, ತೊಡುವವರನ್ನು ಕಳಕೊಂಡರು. ತೊಡದ ಅರಿವೆ ಹರಿಯುವದಿಲ್ಲ; ಹರಿಯದ ಅರಿವೆಗೆ ಎರಡನೆಯ ಗಿರಾಕಿಯಿಲ್ಲ. ಒಂದು ಅಂಗಡಿಯವನಾದರೂ ಹೊಲಿಯುವವಳನ್ನು ಕಟ್ಟೆಯ ಮೇಲೆ ಕುಳ್ಳಿರಿಸಿ, "ಖಣ ಕೊಂಡವರಿಗೆ ನಾಳೆಯೇ ಕುಪ್ಪಸ ಹೊಲಿದುಕೊಡುತ್ತೇವೆ" ಎಂದು ಬರೆಯಲಿ. ಪೆಟ್ಟಿಗೆಯೊಳಗಿನ ಹಳೆಯ ಖಣಗಳೂ ಅವನ ಕಟ್ಟೆಯನ್ನು ಹುಡುಕಿ ಬಂದಾವು.

ಹೆಂಗಸರ ಸರಕನ್ನು ಮಾರುವ ಗಾದಿಯ ಮೇಲೆ ಹೆಂಗಸಿಗೆ ಜಾಗವಿಲ್ಲದಿರುವದು ಇನ್ನೊಂದು ಸೋಜಿಗ. ಯಾವ ದಡಿಗೆ ಯಾವ ಮೈ ಒಪ್ಪುವದು, ಯಾವ ಬಣ್ಣ ಮೊದಲ ಒಗೆತಕ್ಕೆ ಬಿಡುವದು, ಎಂಟು ಮೊಳವೋ ಒಂಬತ್ತು ಗಜವೋ ಎಂಬದೆಲ್ಲವನ್ನು ಬಲ್ಲವಳು ಒಳಗೆ ಕುಳಿತಿದ್ದಾಳೆ. ಹೊರಗೆ ಕುಳಿತವನು ನೂರು ಸೀರೆ ಬಿಚ್ಚಿ ಬೆವರಿಳಿಸುತ್ತಾನೆಯೇ ಹೊರತು ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಾರನು. ಮೇಲೆ ಚೌಕಾಶಿಯ ಹಾವಳಿ. ಹೇಳುವ ದರವೊಂದು, ಕೊಡುವ ದರವೊಂದು. ಪರಿಚಯದವರಿಗೆ ಉದ್ರಿ, ಅಪರಿಚಿತರಿಗೆ ಬರೆ. ಉದ್ರಿ ಪಡೆದ ಬೀಗರು ಸಾಲದ ಸಂಕೋಚದಿಂದ ಆ ಓಣಿಯನ್ನೇ ಬಿಟ್ಟು ತಿರುಗುತ್ತಾರೆಂಬದು ಬೇರೆ ಮಾತು! ಕೈಮಗ್ಗಕ್ಕೊಂದು ಕಪಾಟು, ಯಂತ್ರಕ್ಕೊಂದು ಕಪಾಟು. ಪ್ರತಿಯೊಂದು ಸೀರೆಗೆ ನೇಯ್ದವರ ಹೆಸರು, ನೂಲಿನ ಬಗೆ, ಒಂದೇ ದರ ಬರೆದ ಚೀಟಿ. ಬಣ್ಣ ಬಿಡುವದಾದರೆ ಬಿಡುವದೆಂಬ ಮಾತು. ಇದಕ್ಕೆ ಬಂಡವಾಳವೆಷ್ಟು ಬೇಕು? ಒಂದು ದಸ್ತು ಕಾಗದ, ಒಂದು ಲೇಖನಿ. ಅದೇ ಚೀಟಿಯ ಚಿತ್ರವನ್ನೂ ಕೊಂಡಿಯ ಸಾಲಿನ ಚಿತ್ರವನ್ನೂ ಮೊಬೈಲಿನಲ್ಲಿ ಕಳಿಸಿದರೆ ಪುಣೆಯವಳು ಕುಳಿತಲ್ಲಿಂದಲೇ ಹಣ ಕಳಿಸಿಯಾಳು. ಕುಲುಕುವ ಜಾಹಿರಾತು ಬೇಕಾಗಿಲ್ಲ.

ಶಿಕ್ಷಕ ಬಂಧುಗಳೇ, ಪೇಟೆಯ ಮಹಾಶಯರೇ, ಈ ಕೆಲಸದಲ್ಲಿ ನಿಮ್ಮ ಪಾಲೂ ಇದೆ. ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಿ, ಪ್ರಶ್ನೆ ಕೇಳದೆ ಮನೆಗೆ ಹೊತ್ತು ತಂದವರು ನಾವೂ ನೀವೂ ಅಲ್ಲವೇ? ಬರುವ ಪಂಚಮಿಗೆ ತವರಿಗೆ ಬರುವ ಮಗಳಿಗೆ ಸೀರೆ ಕೊಳ್ಳುವಾಗ ಸೆರಗನ್ನು ಬಿಚ್ಚಿಸಿ ಕೊಂಡಿಯ ಸಾಲನ್ನು ತೋರಿಸೆಂದು ಕೇಳಿರಿ. ಬಳಿಕ ಪಾವತಿಯ ಮೇಲೆ "ಕೈಮಗ್ಗದ್ದು" ಎಂದು ಬರೆದು ಸಹಿ ಮಾಡಿಕೊಡೆಂದು ಹೇಳಿರಿ. ಬರೆದುಕೊಟ್ಟವನಿಗೆ ಚೌಕಾಶಿಯಿಲ್ಲದೆ ಪೂರ್ಣ ಬೆಲೆಯನ್ನೆಣಿಸಿ, ಅವನ ಅಂಗಡಿಯ ಹೆಸರನ್ನು ನಿಮ್ಮ ಶಾಲೆಯ ಸಹೋದ್ಯೋಗಿಗಳಿಗೆಲ್ಲ ತಿಳಿಸಿರಿ. ಬರೆದುಕೊಡಲು ಹಿಂದೆಗೆದವನ ಕಟ್ಟೆಯನ್ನು, ಅವನು ನಿಮ್ಮ ಸ್ವಂತ ಸೋದರಮಾವನೇ ಆಗಿರಲಿ, ಸುಮ್ಮನೆ ಇಳಿದು ಬನ್ನಿರಿ.