ಅಪ್ರೆಂಟಿಸ್ ಅನ್ನಬೇಡಿ, ಜೀತ ಅನ್ನಿ

ಇಂಗ್ಲೆಂಡಿನಲ್ಲಿ ವಂಶದ ಬೇರು ಹುಡುಕುವುದು ಇವತ್ತು ದೊಡ್ಡ ಹವ್ಯಾಸ. ಹುಡುಕುವವರು ಮೊದಲು ಬಿಚ್ಚುವುದು ಪ್ಯಾರಿಷ್ ದಫ್ತರ. ಪ್ಯಾರಿಷ್ ಅಂದರೆ ಒಂದು ಚರ್ಚಿನ ಸರಹದ್ದಿಗೆ ಸೇರಿದ ಊರು. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹುಕುಂ ಹೊರಡಿಸಿದ ಮೇಲೆ ಅಲ್ಲಿನ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಬರೆದಿಡಬೇಕಾಯಿತು. ಆ ದಫ್ತರಗಳಲ್ಲಿ ಮುತ್ತಾತನ ಹೆಸರಿನ ಜೊತೆ 'ಅಪ್ರೆಂಟಿಸ್' ಎಂಬ ಪದ ಸಿಕ್ಕಿದರೆ ಮನೆಮಂದಿಗೆಲ್ಲ ಹಿಗ್ಗು. ನಮ್ಮಜ್ಜ ಏಳು ವರ್ಷ ಗುರುವಿನ ಹತ್ತಿರ ಕಸುಬು ಕಲಿತವನು!

ಸ್ವಲ್ಪ ತಡೀರಿ ಸ್ವಾಮಿ. ಯಾವ ಅಪ್ರೆಂಟಿಸ್?

ಅಪ್ಪ ದುಡ್ಡು ಕಟ್ಟಿ ಕಸುಬಿಗೆ ಹಚ್ಚಿದ ಹುಡುಗ ಒಬ್ಬ. ಪ್ಯಾರಿಷ್ ಹಿಡಿದು ದೂಡಿದ ಹುಡುಗ ಇನ್ನೊಬ್ಬ. 1601ರ ಬಡವರ ಕಾಯಿದೆ ಬಡಮಕ್ಕಳನ್ನು ಯಜಮಾನರಿಗೆ ಬರೆದುಕೊಡುವ ಅಧಿಕಾರವನ್ನು ಪ್ಯಾರಿಷ್‌ನ ಮೇಲ್ವಿಚಾರಕರಿಗೆ ಕೊಟ್ಟಿತು. ಗಂಡು 24 ತುಂಬುವ ತನಕ, ಹೆಣ್ಣು 21 ತುಂಬುವ ತನಕ ಅಥವಾ ಮದುವೆಯಾಗುವ ತನಕ. ಹೆತ್ತವರ ಒಪ್ಪಿಗೆ ಬೇಕಿರಲಿಲ್ಲ. ಹುಡುಗನ ಕರಾರಿನಲ್ಲಿ ಬೇಸಾಯದ ವಿದ್ಯೆ ಅಂತ, ಹುಡುಗಿಯ ಕರಾರಿನಲ್ಲಿ ಮನೆವಾರ್ತೆಯ ವಿದ್ಯೆ ಅಂತ ಬರೆದರು. ದನ ಕಾಯೋದಕ್ಕೆ, ಪಾತ್ರೆ ತಿಕ್ಕೋದಕ್ಕೆ ಹತ್ತು ಹದಿನೈದು ವರ್ಷದ ತರಬೇತಿ! ನಮ್ಮ ಮಾತಲ್ಲಿ ಇದಕ್ಕೆ ಬೇರೆ ಹೆಸರಿದೆ: ಜೀತ.

ಇನ್ನು ದಾಖಲೆಯ ಕತೆ ಕೇಳಿ. 1710ರಿಂದ ಅಪ್ರೆಂಟಿಸ್ ಕರಾರಿಗೆ ಸರ್ಕಾರ ತೆರಿಗೆ ಹಾಕಿತು. 1811ರವರೆಗಿನ ಆ ತೆರಿಗೆ ಪುಸ್ತಕಗಳು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ವಂಶ ಹುಡುಕುವವರಿಗೆ ಅವು ಚಿನ್ನದ ಗಣಿ. ಆದರೆ ಪ್ಯಾರಿಷ್ ಖರ್ಚಿನಲ್ಲಿ ಹೋದ ಮಕ್ಕಳಿಗೆ ತೆರಿಗೆ ಇರಲಿಲ್ಲ, ಹಾಗಾಗಿ ಅವರ ಹೆಸರೂ ಅಲ್ಲಿಲ್ಲ. ಕಾಸಿದ್ದವನ ಮಗ ಪುಸ್ತಕದ ಒಳಗೆ, ಇಲ್ಲದವನ ಮಗ ಹೊರಗೆ.

ಅವನು ಸಿಗುವುದು ಮೇಲ್ವಿಚಾರಕರ ಖರ್ಚಿನ ಲೆಕ್ಕದಲ್ಲಿ. ಬೂಟಿಗಿಷ್ಟು, ಅಂಗಿಗಿಷ್ಟು, ಯಜಮಾನನಿಗಿಷ್ಟು. ಇಷ್ಟೊಂದು ಧಾರಾಳ ಯಾಕೆ? ಧರ್ಮಕ್ಕಲ್ಲ. 1691ರ ಕಾಯಿದೆ ಬಂದ ಮೇಲೆ, ಕರಾರಿನ ಪ್ರಕಾರ ಬೇರೆ ಪ್ಯಾರಿಷ್‌ನಲ್ಲಿ 40 ದಿನ ಕಳೆದ ಹುಡುಗ ಅಲ್ಲಿಯವನೇ ಆಗಿಬಿಡುತ್ತಿದ್ದ. ಮುಂದೆ ಅವನು ಹಸಿದರೆ ಅನ್ನ ಹಾಕುವ ಹೊಣೆ ಆ ಊರಿನದು. ಸರಹದ್ದು ದಾಟಿಸಿದರೆ ಪೀಡೆ ಕಳೆಯಿತು!

1799ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಪ್ಯಾರಿಷ್ ಮಕ್ಕಳನ್ನು ಬಂಡಿಗೆ ತುಂಬಿ ನಾಟಿಂಗ್‌ಹ್ಯಾಮ್ ಹತ್ತಿರದ ಹತ್ತಿ ಗಿರಣಿಗೆ ಸಾಗಿಸಿತು. ಅವರಲ್ಲೊಬ್ಬ ರಾಬರ್ಟ್ ಬ್ಲಿಂಕೋ, ಸುಮಾರು ಏಳು ವರ್ಷದ ಕೂಸು, ತಂದೆತಾಯಿ ಯಾರೆಂದೇ ತಿಳಿಯದವನು. 21 ತುಂಬುವ ತನಕ ಅವನನ್ನು ಬರೆದುಕೊಟ್ಟಿದ್ದರು. ಗಿರಣಿಯ ಯಂತ್ರ ಅವನ ಬೆರಳು ಕಚ್ಚಿತು, ಮೇಸ್ತ್ರಿಗಳು ಮೈ ಸುಲಿದರು. ಇದು ಲೋಕಕ್ಕೆ ತಿಳಿದದ್ದು ಕರಾರುಪತ್ರದಿಂದಲ್ಲ. ದೊಡ್ಡವನಾದ ಮೇಲೆ ಅವನೇ ಬಾಯಿಬಿಟ್ಟು ಹೇಳಿದ, 1832ರಲ್ಲಿ ಅದು ಪುಸ್ತಕವಾಗಿ ಬಂತು. ಬಾಯಿಬಿಡದೆ ಸತ್ತ ಸಾವಿರಾರು ಮಕ್ಕಳ ಮೈಮೇಲಿನ ಬಾಸುಂಡೆ ಯಾವ ದಫ್ತರದಲ್ಲಿದೆ?

ಹುಡುಕಬೇಡಿ ಅನ್ನುತ್ತಿಲ್ಲ. ಹುಡುಕಿ, ಖಂಡಿತ ಹುಡುಕಿ. ಬಡವನ ಮಕ್ಕಳಿಗೆ ಅಜ್ಜನ ಗುರುತು ಸಿಗುವುದು ಅಜ್ಜನನ್ನು ಹೊರಗೆ ಹಾಕಿದವರ ಲೆಕ್ಕದಲ್ಲೇ. ಆದರೆ ವಂಶವೃಕ್ಷಕ್ಕೊಂದು ಹೆಸರು ನೇತುಹಾಕಿ ಎದ್ದು ಬರಬೇಡಿ. ದುಡ್ಡು ಕೊಟ್ಟವರು ಯಾರು? ಯಾವ ಭಾರ ಇಳಿಸಿಕೊಳ್ಳೋಕೆ ಕೊಟ್ಟರು? ಸಹಿ ಹಾಕಿದವರು ಯಾರು, ಯಾರನ್ನು ಕೇಳಲೇ ಇಲ್ಲ? ಇಷ್ಟನ್ನು ಕೇಳದ ವಂಶಾವಳಿ ಯಜಮಾನನ ಬಖೈರು, ಅಷ್ಟೆ.

ಕೈಗಾರಿಕಾ ಕ್ರಾಂತಿಯ ಪಾಠ ಮಾಡುವ ಮೇಷ್ಟ್ರುಗಳೇ, ಉಗಿಯಂತ್ರ ಕಂಡುಹಿಡಿದವರ ಹೆಸರು ಬರೆಸಿದ್ದು ಸಾಕು. ಬ್ಲಿಂಕೋನ ಹೆಸರನ್ನೂ ಕರಿಹಲಗೆ ಮೇಲೆ ಬರೆಯಿರಿ.