ನಗರದ ಛಾವಣಿ, ಮಲೆನಾಡಿನ ಕಾಡು

1905ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಹರಿದಂದಿನಿಂದ ಆ ನಗರವು ತನ್ನ ಬೆಳಕನ್ನು ದೂರದಿಂದಲೇ ತರಿಸಿಕೊಳ್ಳುತ್ತಾ ಬಂದಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟ ಕಳೆದುಕೊಂಡ ಶರಾವತಿ ಕಣಿವೆಯ ಜನರಿಗೆ ಅದರ ಬೆಲೆ ಗೊತ್ತು.

ಇಂದು ಬೈಯಪ್ಪನಹಳ್ಳಿಯ ಮೆಟ್ರೋ ಡಿಪೋದ ಛಾವಣಿಯ ಮೇಲೆ ಸೌರಫಲಕಗಳಿವೆ. ಇಂದಿರಾನಗರದ ಆಸ್ಪತ್ರೆಗಳಾಗಲಿ, ಕೆ.ಆರ್.ಪುರದ ಕಾರ್ಖಾನೆಗಳಾಗಲಿ ಬಂಡವಾಳವಿಲ್ಲವೆಂದು ಹಿಂಜರಿಯಬೇಕಿಲ್ಲ. ವಿದ್ಯುತ್ ಖರೀದಿ ಒಪ್ಪಂದ ಮಾಡಿಕೊಂಡರೆ ಮೂರನೆಯ ಸಂಸ್ಥೆಯೊಂದು ಸ್ವಂತ ಹಣದಿಂದ ಫಲಕಗಳನ್ನು ಅಳವಡಿಸಿ, ನಿರ್ವಹಿಸಿ, ಸಾಮಾನ್ಯವಾಗಿ 15ರಿಂದ 25 ವರ್ಷಗಳವರೆಗೆ ಯೂನಿಟ್ ಲೆಕ್ಕದಲ್ಲಿ ದರ ಪಡೆಯುತ್ತದೆ. ಛಾವಣಿಯಲ್ಲಿ ಹುಟ್ಟಿದ ವಿದ್ಯುತ್ ಅದೇ ಕಟ್ಟಡದಲ್ಲಿ ಬಳಕೆಯಾಗುವುದರಿಂದ ಕಾಡು ಸೀಳುವ ತಂತಿಮಾರ್ಗವೂ ಬೇಡ, ಮುಳುಗಡೆಯೂ ಇಲ್ಲ.

ಹೊತ್ತು ಮುಳುಗಿದ ಮೇಲೇನು ಎಂಬುದು ನ್ಯಾಯವಾದ ಪ್ರಶ್ನೆ. ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಕೆಳಗಿನ ಜಲಾಶಯದ ನೀರನ್ನು ಮೇಲೆತ್ತಿ ಸಂಜೆ ಮತ್ತೆ ಹರಿಸುವ 2,000 ಮೆಗಾವಾಟ್‌ನ ಶರಾವತಿ ಯೋಜನೆಯನ್ನು ಸಿಂಗಳೀಕಗಳ ಕಾಡಿಗೆ ಪ್ರಸ್ತಾಪಿಸಲಾಗಿದೆ. ಇದಕ್ಕೆ ಬದಲು ಛಾವಣಿಯ ಒಪ್ಪಂದಗಳಲ್ಲೇ ಬ್ಯಾಟರಿಯೂ ಸೇರಲಿ. ಹಗಲಿನ ಲಾಭ ಪಡೆಯುವ ಉದ್ಯಮಗಳು ಸಂಜೆಯ ಹೊಣೆಯನ್ನೂ ಹೊರಲಿ. ನಗರದ ಛಾವಣಿಗಳು ಬರಿದಾಗಿರುವಾಗ ಕಣಿವೆಯನ್ನು ಅಗೆಯುವ ನೈತಿಕ ಹಕ್ಕು ಯಾರಿಗೂ ಇಲ್ಲ.