ಮಿತ್ರನ ಬೆದರಿಕೆ, ಮಿತ್ರನಿಗೇ

2025ರ ಜುಲೈನಲ್ಲಿ ಇರಾಕಿನ ಸುಲೈಮಾನಿಯಾ ಬಳಿ ಕುರ್ದಿಸ್ತಾನ್ ಕಾರ್ಮಿಕರ ಪಕ್ಷದ, ಅಂದರೆ ಪಿಕೆಕೆಯ, ಕೆಲವು ಹೋರಾಟಗಾರರು ತಮ್ಮ ಬಂದೂಕುಗಳನ್ನು ಬೆಂಕಿಗೆ ಹಾಕಿದ ಚಿತ್ರ ಕಂಡಾಗ ನನಗೆ 2007ರ ಅಕ್ಟೋಬರ್ ನೆನಪಾಯಿತು. 1984ರಿಂದ ಸುಮಾರು 40,000 ಜೀವಗಳನ್ನು ನುಂಗಿದ ಈ ಸಂಘರ್ಷ ಅಂದು ಎರಡು ಮಿತ್ರರಾಷ್ಟ್ರಗಳ ನಡುವಿನ ಬಿಕ್ಕಟ್ಟಾಗಿ ಪರಿಣಮಿಸಿತ್ತು.

ಆ ತಿಂಗಳ 17ರಂದು ಟರ್ಕಿಯ ಸಂಸತ್ತು, ಇರಾಕಿನೊಳಕ್ಕೆ ಸೇನೆ ನುಗ್ಗಿಸುವ ಒಂದು ವರ್ಷದ ಅಧಿಕಾರವನ್ನು 507–19 ಮತಗಳಿಂದ ಸರ್ಕಾರಕ್ಕೆ ನೀಡಿತು. ನಾಲ್ಕೇ ದಿನಗಳಲ್ಲಿ ಪಿಕೆಕೆ ದಾಳಿಗೆ 12 ಸೈನಿಕರು ಬಲಿಯಾದರು. ಅಷ್ಟರಲ್ಲಾಗಲೇ ಕಚ್ಚಾ ತೈಲ ಬ್ಯಾರಲ್‌ಗೆ 90 ಡಾಲರ್ ಮುಟ್ಟಿತ್ತು. ದೂರದ ಬೆಟ್ಟಗಳ ಬಿಸಿ, ತೈಲದ ಬಹುಪಾಲನ್ನು ಆಮದು ಮಾಡಿಕೊಳ್ಳುವ ನಮ್ಮ ಖಜಾನೆಗೂ ತಟ್ಟದೆ ಇರಲಿಲ್ಲ.

ಬೆದರಿಕೆಯ ಮೇಲಿದ್ದ ವಿಳಾಸ ಬಾಗ್ದಾದಿನದು. ಅದು ತಲುಪಬೇಕಾಗಿದ್ದುದು ವಾಷಿಂಗ್ಟನ್ನಿಗೆ. ಇರಾಕಿಗೆ ಸಾಗುತ್ತಿದ್ದ ಅಮೆರಿಕ ಸೇನೆಯ ವಾಯುಸರಕಿನಲ್ಲಿ ಸುಮಾರು ಶೇ 70 ಭಾಗ ಟರ್ಕಿಯ ಮೂಲಕವೇ ಹೋಗುತ್ತಿತ್ತು. ಅತ್ತ, ಇರಾಕಿನಲ್ಲಿ ಅಮೆರಿಕ ನಂಬಬಹುದಾಗಿದ್ದವರೆಂದರೆ ಉತ್ತರದ ಕುರ್ದರು. ಇದರ ನಡುವೆ ಅಮೆರಿಕ ಜನಪ್ರತಿನಿಧಿ ಸಭೆಯ ವಿದೇಶಾಂಗ ಸಮಿತಿ, 1915ರ ಆರ್ಮೇನಿಯನ್ನರ ಹತ್ಯಾಕಾಂಡವನ್ನು ಜನಾಂಗಹತ್ಯೆಯೆಂದು ಕರೆಯುವ ನಿರ್ಣಯವನ್ನು ಅದೇ ತಿಂಗಳು ಅಂಗೀಕರಿಸಿತ್ತು. ನಿರ್ಣಯದಲ್ಲಿ ಸುಳ್ಳಿರಲಿಲ್ಲ. ಹೊತ್ತು ಮಾತ್ರ ಸರಿಯಿರಲಿಲ್ಲ.

ಸಹಿ ಬಿದ್ದೂ ಜಾರಿಯಾಗದೆ ಮೇಜಿನ ಖಾನೆಯಲ್ಲಿ ಉಳಿದ ಆದೇಶದ ಶಕ್ತಿಯನ್ನು ನಾನು ಸೇವಾವಧಿಯಲ್ಲಿ ಬಲ್ಲೆ. ಒತ್ತುವರಿ ತೆರವಿನ ಆದೇಶ ಸಿದ್ಧವಾಗಿದೆಯೆಂಬ ಸುದ್ದಿ ಹರಡಿದರೆ ಸಾಕು, ಒತ್ತುವರಿದಾರರೇ ಕಚೇರಿಗೆ ಬಂದು ಮಾತುಕತೆಗೆ ಕೂರುತ್ತಿದ್ದರು. ಎರ್ಡೊಗನ್ ಮಾಡಿದ್ದೂ ಇದನ್ನೇ. ನವೆಂಬರ್ 5ರಂದು ಶ್ವೇತಭವನದಲ್ಲಿ ಅಧ್ಯಕ್ಷ ಬುಷ್ ಪಿಕೆಕೆಯನ್ನು ಉಭಯ ದೇಶಗಳ ಶತ್ರುವೆಂದು ಸಾರಿ ಗುಪ್ತಚರ ಮಾಹಿತಿಯ ಭರವಸೆಯಿತ್ತರು. ಡಿಸೆಂಬರಿನಲ್ಲಿ ಟರ್ಕಿಯ ವಿಮಾನಗಳು ಬಾಂಬ್ ಸುರಿಸಿದವು. ಖಂಡೀಲ್ ಬೆಟ್ಟಗಳ ಹಳ್ಳಿಗರು ನಡುಚಳಿಯಲ್ಲಿ ಮನೆಮಠ ತೊರೆದರು. ಬಾಗ್ದಾದ್ ಪ್ರತಿಭಟಿಸಿತು, ಅಷ್ಟೆ. 2008ರ ಫೆಬ್ರುವರಿ 21ರಂದು ಗಡಿ ದಾಟಿದ ಭೂಸೇನೆ ಎಂಟು ದಿನಗಳಲ್ಲಿ ಮರಳಿತು.

ದೊಡ್ಡ ಯುದ್ಧ ತಪ್ಪಿತು, ಅಮೆರಿಕ ವಿವೇಕದಿಂದ ನಡೆದುಕೊಂಡಿತು ಎಂದೇ ಆಗ ನಾನೂ ಭಾವಿಸಿದ್ದೆ. ಇಂದು ಅಷ್ಟು ಖಚಿತವಾಗಿ ಹೇಳಲಾರೆ. ಒಂದು ವರ್ಷಕ್ಕೆಂದು ಕೊಟ್ಟ ಅಧಿಕಾರ ಮತ್ತೆ ಮತ್ತೆ ನವೀಕರಣಗೊಂಡಿತು, ಸಿರಿಯಾಕ್ಕೂ ವಿಸ್ತರಿಸಿತು. ಕಡತಗಳ ಜಾಯಮಾನ ಬಲ್ಲವರಿಗೆ ಇದೇನೂ ಅಚ್ಚರಿಯಲ್ಲ: ತಾತ್ಕಾಲಿಕವೆಂದು ಆರಂಭವಾದದ್ದೇ ಹೆಚ್ಚು ಕಾಲ ಬಾಳುತ್ತದೆ. 2019ರ ಅಕ್ಟೋಬರಿನಲ್ಲಿ ಅಂಕಾರಾ ಅದೇ ಬೆದರಿಕೆಯನ್ನು ಹಾಕಿದಾಗ ಮಾತುಕತೆಯೂ ದೀರ್ಘವಾಗಲಿಲ್ಲ. ಐಎಸ್ ವಿರುದ್ಧ ಅಮೆರಿಕದೊಡನೆ ಹೆಗಲುಕೊಟ್ಟು ಹೋರಾಡಿದ್ದ ಸಿರಿಯಾದ ಕುರ್ದರನ್ನು ಬಿಟ್ಟು ಟ್ರಂಪ್ ತಮ್ಮ ಸೈನಿಕರನ್ನು ಗಡಿಯಿಂದ ಹಿಂದಕ್ಕೆ ಕರೆಸಿಕೊಂಡರು. ಮೂರು ದಿನಗಳಲ್ಲಿ ಟರ್ಕಿಯ ಸೇನೆ ಒಳಹೊಕ್ಕಿತು.